ಸಮುದ್ರ ದಾಟಿದರೆ ಪಟ್ಟಿ, ಗುಂಟೂರಿಗೆ ಹೋದರೆ ಗಂಟು

ಆದೋನಿ : ದೀಪಾವಳಿ ಮುಗಿಯುತ್ತಿದ್ದಂತೆ ಕೋಸಿಗಿ, ಪೆದ್ದಕಡಬೂರು, ಕೌತಾಳಂ, ಹೊಳಗುಂದ, ಹಾಲಹರ್ವಿ ಕಡೆಯ ಊರುಗಳಲ್ಲಿ ಕಾಣುವ ನೋಟ ಇಲ್ಲಿಯವರಿಗೆ ಹೊಸದಲ್ಲ. ಓಣಿಯ ಬಾಯಲ್ಲಿ ಒಂದು ಗೂಡ್ಸ್ ಗಾಡಿ ನಿಂತಿರುತ್ತದೆ. ಅಕ್ಕಿ ಚೀಲ, ಜೋಳದ ಹಿಟ್ಟಿನ ಡಬ್ಬ, ಖಾರದ ಪುಡಿ, ರೊಟ್ಟಿ ಹಂಚು, ನೀರಿನ ಕೊಡ, ಕೌದಿ, ಗುಡಿಸಲಿಗೆ ಹೊದಿಸಲು ಟಾರ್ಪಾಲು ಒಂದೊಂದಾಗಿ ಮೇಲೇರುತ್ತವೆ. ಅವುಗಳ ಮೇಲೆ ಹೆಂಗಸರು, ಮಕ್ಕಳು ಕೂರುತ್ತಾರೆ. ಬಾಗಿಲಿಗೆ ಬೀಗ ಬೀಳುತ್ತದೆ. ಗಾಡಿ ಗುಂಟೂರಿನತ್ತ ಹೊರಡುತ್ತದೆ.

ಇದೇ ಸೀಮೆಯಿಂದ ಇನ್ನೊಂದು ರೀತಿಯಲ್ಲೂ ಮನೆಗಳು ಹೊರಡುತ್ತವೆ. ಸಾಫ್ಟ್‌ವೇರ್ ಕೆಲಸ ಸಿಕ್ಕಿ, ವೀಸಾ ಕೈಗೆ ಬಂದು, ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋಗುವವರ ಮನೆ. ಅಲ್ಲಿಯೂ ಪಾತ್ರೆ ಕಟ್ಟುತ್ತಾರೆ, ಹಾಸಿಗೆ ಸುತ್ತುತ್ತಾರೆ, ಅಜ್ಜಿ ಕೊಟ್ಟ ಉಪ್ಪಿನಕಾಯಿ ಡಬ್ಬ ಒಯ್ಯಬಹುದೋ ಬೇಡವೋ ಎಂದು ಚರ್ಚೆ ನಡೆಯುತ್ತದೆ. ಎರಡೂ ಮನೆಗಳ ಕೆಲಸ ಒಂದೇ, ಇದ್ದ ಊರು ಬಿಟ್ಟು ಸಾಮಾನು ಹೊತ್ತು ಹೋಗುವುದು. ಆದರೆ ಒಂದು ಮನೆಯ ಚಮಚಕ್ಕೂ ಕಾಗದವಿದೆ. ಇನ್ನೊಂದು ಮನೆಯ ಮನುಷ್ಯರಿಗೂ ಕಾಗದವಿಲ್ಲ.

ಚಮಚಕ್ಕೂ ಲೆಕ್ಕ

ವಿದೇಶಕ್ಕೆ ಮನೆ ಸಾಮಾನು ಒಯ್ಯುವುದು ಹೇಗೆ ಎಂಬುದನ್ನು ಮೊದಲು ನೋಡಬೇಕು. ಒಂಟಿ ಮನುಷ್ಯನಾದರೆ ವಿಮಾನದಲ್ಲಿ ಸಾಮಾನ್ಯವಾಗಿ ಸಿಗುವ 23 ಕೆ.ಜಿ.ಯ ಎರಡು ಪೆಟ್ಟಿಗೆಗಳಲ್ಲೇ ಮುಗಿಸುತ್ತಾನೆ. ಸಂಸಾರ ಸಮೇತ ಹೋಗುವವರು ಹಡಗಿಗೆ ಹಾಕುತ್ತಾರೆ. 20 ಅಡಿಯ ಒಂದು ಕಂಟೇನರ್ ಒಳಗೆ ಸುಮಾರು 33 ಘನ ಮೀಟರ್ ಜಾಗವಿರುತ್ತದೆ. ಅಷ್ಟು ಸಾಮಾನಿಲ್ಲದವರು ಬೇರೆಯವರ ಜೊತೆ ಕಂಟೇನರ್ ಹಂಚಿಕೊಳ್ಳಬಹುದು, ಜಾಗದ ಲೆಕ್ಕದಲ್ಲಿ ಬಾಡಿಗೆ ಕೊಟ್ಟರಾಯಿತು. ಈ ಭಾಗದವರ ಸಾಮಾನು ಚೆನ್ನೈ ಬಂದರು ಅಥವಾ ಮುಂಬೈ ಬಳಿಯ ನ್ಹಾವಾ ಶೇವಾದಿಂದ ಹಡಗು ಹತ್ತುತ್ತದೆ.

ಹತ್ತುವ ಮೊದಲು ಪಟ್ಟಿ ಆಗಬೇಕು. ಯಾವ ಪೆಟ್ಟಿಗೆಯಲ್ಲಿ ಏನಿದೆ, ಎಷ್ಟಿದೆ, ಹಳೆಯದೋ ಹೊಸದೋ, ಬೆಲೆ ಎಷ್ಟು ಎಂದು ಒಂದೊಂದನ್ನೂ ಬರೆಯಬೇಕು. ಕಸ್ಟಮ್ಸ್‌ನವರು ನೋಡುವುದು ಆ ಪಟ್ಟಿಯನ್ನು. ಸಾಗಣೆ ವಿಮೆಯ ಕಂಪನಿ ಹಣ ಕೊಡುವುದೂ ಆ ಪಟ್ಟಿಯ ಆಧಾರದ ಮೇಲೆ. ಪಟ್ಟಿಯಲ್ಲಿ ಇಲ್ಲದ ಪಾತ್ರೆ ಒಡೆದರೆ ಪರಿಹಾರ ಕೇಳುವಂತಿಲ್ಲ. ಮರದ ಪೆಟ್ಟಿಗೆಯಲ್ಲಿ ಕಟ್ಟಿದರೆ ಆ ಮರವನ್ನು ಹುಳು ಸಾಯುವಂತೆ ಕಾಯಿಸಿ, ಮುದ್ರೆ ಒತ್ತಿಸಿರಬೇಕು. ಬೀಜ, ಮಾಂಸದ ಪದಾರ್ಥಗಳ ಮೇಲೆ ಅಮೆರಿಕ, ಆಸ್ಟ್ರೇಲಿಯಾ ಎರಡೂ ಕಡೆ ಬಿಗಿ ತಪಾಸಣೆ ಇದೆ. ನಮ್ಮ ಕಡೆಯ ಮಿಕ್ಸಿ, ಗ್ರೈಂಡರ್ 230 ವೋಲ್ಟ್‌ನವು, ಅಮೆರಿಕದ ಮನೆಗಳಲ್ಲಿ ಬರುವುದು 120 ವೋಲ್ಟ್. ಗೊತ್ತಿಲ್ಲದೆ ಒಯ್ದವರು ಅಲ್ಲಿ ಅದನ್ನು ಮೂಲೆಗಿಟ್ಟಿದ್ದೇ ಹೆಚ್ಚು.

ಆದರೆ ಕಾನೂನು ಬರೀ ಬಿಗಿ ಮಾಡಿಲ್ಲ, ಕರುಣೆಯನ್ನೂ ತೋರಿಸಿದೆ. ಒಂದು ವರ್ಷವಾದರೂ ಬಳಸಿದ ಮನೆ ಸಾಮಾನನ್ನು ಅಮೆರಿಕಕ್ಕೆ ಸುಂಕವಿಲ್ಲದೆ ಒಯ್ಯಬಹುದು, ಅದಕ್ಕೆ 3299 ನಂಬರಿನ ಫಾರಂ ಇದೆ. ತಿರುಗಿ ಬರುವವರಿಗೆ ಭಾರತದಲ್ಲೂ ರಿಯಾಯಿತಿ ಇದೆ. 2016ರ ಬ್ಯಾಗೇಜ್ ನಿಯಮಗಳು ಎರಡು ವರ್ಷ ಹೊರಗಿದ್ದು ವಾಸ ಬದಲಿಸಿ ಬರುವವರಿಗೆ 5 ಲಕ್ಷ ರೂಪಾಯಿವರೆಗಿನ ಮನೆ ಸಾಮಾನಿಗೆ ಸುಂಕ ಬಿಟ್ಟಿದ್ದವು. ಮೊತ್ತಗಳು ಕಾಲಕಾಲಕ್ಕೆ ಬದಲಾಗುತ್ತವೆ, ತತ್ವ ಬದಲಾಗಿಲ್ಲ. ಮನುಷ್ಯ ಮನೆ ಬದಲಿಸುವಾಗ ಅವನ ಸಾಮಾನು ವ್ಯಾಪಾರದ ಸರಕಲ್ಲ, ಅದು ಅವನ ಬದುಕು ಎಂಬುದೇ ಆ ತತ್ವ.

ಯಾರ ಸುಗ್ಗಿ?

ಈಗ ಕೋಸಿಗಿಯ ಗಾಡಿಯ ಕಡೆಗೆ ಬರೋಣ. ಇಲ್ಲಿ ಈ ಪ್ರಯಾಣಕ್ಕೆ ಕನ್ನಡದವರು ಗುಳೆ ಎನ್ನುತ್ತಾರೆ, ತೆಲುಗಿನವರು ವಲಸ ಎನ್ನುತ್ತಾರೆ. ಎರಡೂ ಭಾಷೆಯವರು ಸೇರಿ ಹೇಳುವ ಮಾತು 'ಸುಗ್ಗಿಗೆ ಹೋಗುವುದು'. ಸುಗ್ಗಿ ಎಂದರೆ ಮನೆ ತುಂಬುವ ಕಾಲ. ಇಲ್ಲಿ ಮಾತ್ರ ಸುಗ್ಗಿ ಬಂದರೆ ಮನೆ ಖಾಲಿಯಾಗುತ್ತದೆ. ಏಕೆಂದರೆ ಆ ಸುಗ್ಗಿ ಕಂಡವರ ಹೊಲದ್ದು.

ಗುಂಟೂರು, ಪಲ್ನಾಡು, ಪ್ರಕಾಶಂ ಜಿಲ್ಲೆಗಳ ಹತ್ತಿ ಮತ್ತು ಮೆಣಸಿನಕಾಯಿ ಹೊಲಗಳಿಗೆ ಬಿಡಿಸುವ ಕೈಗಳು ಬೇಕು. ಹತ್ತಿ ಬಿಡಿಸುವ ಕೂಲಿಯನ್ನು ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಕಿಲೋ ಲೆಕ್ಕವಾದ್ದರಿಂದ ಕೈ ಹೆಚ್ಚಾದಷ್ಟೂ ಕಾಸು ಹೆಚ್ಚು. ಹಾಗಾಗಿ ಗಂಡ ಒಬ್ಬನೇ ಹೋಗುವುದಿಲ್ಲ, ಇಡೀ ಮನೆಯೇ ಏಳುತ್ತದೆ. ಒಬ್ಬ ಹೋದರೆ ಒಂದು ಚೀಲ ಸಾಕು. ಮನೆಯೇ ಹೋದರೆ ಅಡುಗೆ ಮನೆಯೂ ಹೋಗಬೇಕು. ಗಾಡಿಯಲ್ಲಿ ಹಂಚು, ಕೊಡ, ಕೌದಿ ಏಕೆ ಇರುತ್ತವೆ ಎಂಬುದಕ್ಕೆ ಇದೇ ಉತ್ತರ.

ಕೆಲವು ಕುಟುಂಬಗಳು ಕಟ್ಟಡ ಕೆಲಸಕ್ಕೆ ಬೆಂಗಳೂರು, ಹೈದರಾಬಾದ್ ಕಡೆ ಹೋಗುತ್ತವೆ. ಕಾರಣ ಎಲ್ಲರಿಗೂ ಒಂದೇ. ಇಲ್ಲಿನ ಬಹುಪಾಲು ಹೊಲ ಮಳೆಯನ್ನೇ ನಂಬಿದೆ. ತುಂಗಭದ್ರಾ ಕೆಳಮಟ್ಟದ ಕಾಲುವೆ ಇದೆ, ಆದರೆ ಕೊನೆಯ ಭಾಗದ ರೈತರಿಗೆ ನೀರು ಕೈಗೆ ಸಿಕ್ಕಿದ್ದಕ್ಕಿಂತ ಕಣ್ಣಿಗೆ ಕಂಡಿದ್ದೇ ಹೆಚ್ಚು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿ ಹೋಯಿತು. ನಂತರ ಎಲ್ಲ 33 ಗೇಟ್‌ಗಳನ್ನೂ ಬದಲಿಸುವ ತೀರ್ಮಾನವಾಗಿ, 2025ರ ಕೊನೆಯಲ್ಲಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂದು ಪ್ರಕಟವಾಯಿತು. ಎರಡನೇ ಬೆಳೆ ಇಲ್ಲದ ಊರಿನಲ್ಲಿ ಕೂಲಿಯೂ ಇಲ್ಲ. ಆದೋನಿಯಲ್ಲಿ ರಾಜ್ಯದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲೊಂದು ಇದೆ, ಜಿನ್ನಿಂಗ್ ಮಿಲ್ಲುಗಳಿವೆ. ಸುತ್ತಲ ನೂರಾರು ಊರಿನ ಕೈಗಳಿಗೆಲ್ಲ ಅವು ಸಾಲುವುದಿಲ್ಲ.

ಗಾಡಿ ಹತ್ತಿದವರು ಯಾರು?

ಅಮೆರಿಕದ ಪೆಟ್ಟಿಗೆಗೆ ವಿಮೆ ಇದೆ. ಗುಂಟೂರಿನ ಗಾಡಿಯಲ್ಲಿ ಕೂತವರಿಗೆ? ಇಲ್ಲಿ ಜನ ತಿಳಿಯಲೇಬೇಕಾದ ವಿಷಯವಿದೆ.

ಸರಕು ಸಾಗಿಸುವ ಗಾಡಿಯ ವಿಮೆ ಅದರಲ್ಲಿ ಕೂತ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ. 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲೂ ಸರಕು ಗಾಡಿಯಲ್ಲಿ ಪುಕ್ಕಟೆ ಹೋಗುವವರನ್ನು ವಿಮೆಯಿಂದ ಹೊರಗಿಟ್ಟು ಬರೆಯಲಾಗಿದೆ. ಒಂದೇ ವಿನಾಯಿತಿ, ಗಾಡಿಯಲ್ಲಿ ತನ್ನ ಸರಕಿನ ಜೊತೆ ಹೋಗುವ ಮಾಲೀಕ ಅಥವಾ ಅವನ ಪ್ರತಿನಿಧಿ. 1994ರ ತಿದ್ದುಪಡಿಯಿಂದ ಅವನಿಗೆ ರಕ್ಷಣೆ ಇದೆ.

ಹಾಗಾದರೆ ತನ್ನ ಹಂಚು, ಕೌದಿ, ಅಕ್ಕಿ ಚೀಲದ ಮೇಲೆ ಕೂತ ಕೂಲಿ ಹೆಂಗಸು ಸರಕಿನ ಮಾಲೀಕಳೇ? ಅಪಘಾತವಾದ ಮೇಲೆ ವಕೀಲರು ಹಾಗೆ ವಾದ ಮಾಡಬಹುದು. ಆದರೆ ಒಂದು ಗಾಡಿಯಲ್ಲಿ ಇಪ್ಪತ್ತು, ಮೂವತ್ತು ಜನ ಕೂತಿರುವಾಗ ಆ ವಾದ ನಿಲ್ಲುತ್ತದೆ ಎಂಬ ಖಾತ್ರಿ ಇಲ್ಲ. ಯಾರ ಸಾಮಾನು ಏನಿತ್ತು ಎಂಬುದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು ನಂತರ ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟುಗಳು ಹೇಳಿದ್ದುಂಟು. ಅದು ಕೋರ್ಟಿನ ದಯೆ, ಮೊದಲೇ ಇದ್ದ ಹಕ್ಕಲ್ಲ. ಅದಕ್ಕೂ ವರ್ಷಗಟ್ಟಲೆ ಅಲೆಯಬೇಕು.

ರೈಲು, ಬಸ್ಸು ಇಲ್ಲವೇ ಎಂದು ಕೇಳಬಹುದು. ಇವೆ. ಕೋಸಿಗಿ, ಆದೋನಿ ಸ್ಟೇಷನ್‌ಗಳಿಂದ ಗುಂತಕಲ್ಲಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿದರೆ ನಂದ್ಯಾಲ, ನರಸರಾವುಪೇಟೆ ಮೇಲೆ ಗುಂಟೂರು ಸೇರಬಹುದು. ರೈಲಿನ ಎರಡನೇ ದರ್ಜೆಯಲ್ಲಿ ಒಬ್ಬರಿಗೆ 35 ಕೆ.ಜಿ., ಸ್ಲೀಪರ್‌ನಲ್ಲಿ 40 ಕೆ.ಜಿ. ಸಾಮಾನು ಪುಕ್ಕಟೆ. ನಾಲ್ಕು ಜನರ ಸಂಸಾರಕ್ಕೆ ಇದು ಸಾಲದು ಎನ್ನುವಂತಿಲ್ಲ. ತೊಂದರೆ ತೂಕದ್ದಲ್ಲ. ಗುಂತಕಲ್ಲಿನಲ್ಲಿ ಮಕ್ಕಳನ್ನೂ ಕೊಡವನ್ನೂ ಹಿಡಿದು ಪ್ಲಾಟ್‌ಫಾರಂ ಬದಲಿಸಬೇಕು, ಇಳಿದ ಮೇಲೆ ಹೊಲದವರೆಗೆ ಮತ್ತೊಂದು ಗಾಡಿ ಹಿಡಿಯಬೇಕು.

2025ರ ಆಗಸ್ಟ್ 15ರಿಂದ ಆಂಧ್ರದಲ್ಲಿ ಸ್ತ್ರೀ ಶಕ್ತಿ ಯೋಜನೆ ಬಂತು. ಪಲ್ಲೆ ವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಕೂಲಿ ಹೆಂಗಸರಿಗೆ ನಿಜಕ್ಕೂ ದೊಡ್ಡ ಸಹಾಯ. ಆದರೆ ಈಗಾಗಲೇ ತುಂಬಿ ತುಳುಕುವ ಬಸ್ಸಿನಲ್ಲಿ ಆರು ತಿಂಗಳ ಅಡುಗೆ ಮನೆಗೆ ಜಾಗ ಎಲ್ಲಿ? ಮನುಷ್ಯಳಿಗೆ ಟಿಕೆಟ್ ಇಲ್ಲ, ಅವಳ ಗಂಟಿಗೆ ಜಾಗ ಇಲ್ಲ. ಕೊನೆಗೆ ಓಣಿಯ ಬಾಯಿಗೇ ಬಂದು, ಹೊಲದ ಬದುವಿನಲ್ಲೇ ಇಳಿಸುವ ಗೂಡ್ಸ್ ಗಾಡಿಯೇ ಗೆಲ್ಲುತ್ತದೆ. ಬಾಡಿಗೆಯನ್ನು ಮೇಸ್ತ್ರಿ ಕೊಡುತ್ತಾನೆ, ಆಮೇಲೆ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ.

ಗಡಿ ದಾಟಿದವನಿಗೆ ಒಂದು, ದಾಟದವನಿಗೆ ಇನ್ನೊಂದು

ಗಡಿ ಊರಿನವರಿಗೆ ಇನ್ನೊಂದು ವಿಚಿತ್ರ ಎದುರಾಗುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆದೋನಿ, ಆಲೂರು ಕರ್ನೂಲು ಜಿಲ್ಲೆಗೆ ಬಂದವು. ಸಿರುಗುಪ್ಪ, ಬಳ್ಳಾರಿ ಆ ಕಡೆ ಉಳಿದವು. ಬೀಗರು, ಜಾತ್ರೆ, ಸಂತೆ ಎರಡೂ ಕಡೆ ಹಂಚಿಹೋದವು. ಕೂಲಿಯ ಹಕ್ಕೂ ಹಾಗೆಯೇ ಹಂಚಿಹೋಯಿತು.

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಮೇಸ್ತ್ರಿಯ ಮೂಲಕ ಬೇರೆ ರಾಜ್ಯಕ್ಕೆ ಹೋಗುವವರಿಗೆ ಒಳ್ಳೆಯ ಮಾತುಗಳನ್ನು ಬರೆದಿತ್ತು. ಕಾರ್ಮಿಕನ ಕೈಯಲ್ಲಿ ಫೋಟೋ ಇರುವ ಪಾಸ್‌ಬುಕ್ ಇರಬೇಕು. ಹೋಗಿಬರುವ ಖರ್ಚು ಕೊಡಬೇಕು. ಪ್ರಯಾಣದ ದಿನಗಳಿಗೂ ಕೂಲಿ ಕೊಡಬೇಕು. ಮನೆ ಬಿಟ್ಟು ಹೊರಡುವ ಕಷ್ಟಕ್ಕೆಂದು ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ ಕೊಡಬೇಕು. ಆ ಭತ್ಯೆ ಕೂಲಿಯಲ್ಲಿ ಮುರಿಯುವಂತಿರಲಿಲ್ಲ. ಎಷ್ಟು ಜನಕ್ಕೆ ಸಿಕ್ಕಿತು ಎಂಬುದನ್ನು ಊರಿನ ಹಿರಿಯರನ್ನೇ ಕೇಳಿದರೆ ಗೊತ್ತಾಗುತ್ತದೆ.

2025ರ ನವೆಂಬರ್ 21ರಂದು ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಸಂಹಿತೆ ಬಂತು. ಲಾಭವೂ ಇದೆ, ನಷ್ಟವೂ ಇದೆ. ಮೇಸ್ತ್ರಿ ಇಲ್ಲದೆ ತಾನೇ ಹೋದವನನ್ನೂ ಹೊಸ ಸಂಹಿತೆ ವಲಸೆ ಕಾರ್ಮಿಕ ಎಂದು ಒಪ್ಪುತ್ತದೆ. ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಖರ್ಚನ್ನು ಮಾಲೀಕ ಕೊಡಬೇಕು. ಆದರೆ ಸ್ಥಳಾಂತರ ಭತ್ಯೆ ಅದರಲ್ಲಿಲ್ಲ. ಹಳೆಯ ಕಾಯ್ದೆಗೆ ಐದು ಜನ ಸಾಕಿತ್ತು, ಈಗ ಹತ್ತು ಜನ ಅಂತರರಾಜ್ಯ ಕಾರ್ಮಿಕರಿರುವ ಕಡೆ ಮಾತ್ರ ಅನ್ವಯ.

ಎಲ್ಲಕ್ಕಿಂತ ದೊಡ್ಡ ಮಾತು ಬೇರೆ ಇದೆ. ಎರಡೂ ಕಾನೂನು 'ಅಂತರರಾಜ್ಯ' ಎನ್ನುತ್ತವೆ. ಹೊಳಗುಂದದಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವನು ಅಂತರರಾಜ್ಯ ಕಾರ್ಮಿಕ. ಅದೇ ಓಣಿಯಿಂದ 400 ಕಿ.ಮೀ. ಆಸುಪಾಸು ದೂರದ ಗುಂಟೂರಿಗೆ ಹೋದವನು ಅಲ್ಲ, ಏಕೆಂದರೆ ಅವನು ರಾಜ್ಯದ ಗಡಿ ದಾಟಿಲ್ಲ. ಅತ್ತ ಸಿರುಗುಪ್ಪದಿಂದ ಬೆಂಗಳೂರಿಗೆ ಹೋದವನೂ ಅಲ್ಲ. ಅಣ್ಣ ತಮ್ಮಂದಿರಿಬ್ಬರು ಒಂದೇ ದಿನ ಮನೆ ಬಿಟ್ಟರೂ ಕಾನೂನಿನ ಕಣ್ಣಿಗೆ ಒಬ್ಬ ವಲಸೆ ಹೋದವನು, ಇನ್ನೊಬ್ಬ ಮನೆಯಲ್ಲೇ ಇದ್ದವನು.

ಅಕ್ಕಿ ಹೊರಬೇಕಾಗಿಲ್ಲ

ಗಂಟಿನ ಭಾರ ಸ್ವಲ್ಪ ಇಳಿಸಿದ ಒಂದು ಬದಲಾವಣೆ ಮಾತ್ರ ನಿಜವಾಗಿ ಆಗಿದೆ. 2019ರ ಆಗಸ್ಟ್‌ನಲ್ಲಿ ಆಂಧ್ರ ಮತ್ತು ತೆಲಂಗಾಣದ ನಡುವೆ ರೇಷನ್ ಕಾರ್ಡ್ ಎಲ್ಲಿ ಬೇಕಾದರೂ ಬಳಸುವ ಪದ್ಧತಿ ಪ್ರಾಯೋಗಿಕವಾಗಿ ಆರಂಭವಾಯಿತು. 2020ರ ಜನವರಿಯಲ್ಲಿ ಕರ್ನಾಟಕವೂ ಸೇರಿತು. 2022ರ ಜೂನ್‌ಗೆ ಇಡೀ ದೇಶಕ್ಕೆ ಹಬ್ಬಿತು. ಗುಂಟೂರಿನ ಅಂಗಡಿಯಲ್ಲೂ ಬೆಂಗಳೂರಿನ ಅಂಗಡಿಯಲ್ಲೂ ಬೆರಳು ಒತ್ತಿ ತಲೆಗೆ 5 ಕೆ.ಜಿ. ಧಾನ್ಯ ಪಡೆಯಬಹುದು. ಅರ್ಧ ಅಲ್ಲಿ, ಅರ್ಧ ಊರಲ್ಲಿ ಉಳಿದ ಅಜ್ಜಿಗೆ ಇಲ್ಲಿ ಎಂದೂ ಹಂಚಿಕೊಳ್ಳಬಹುದು.

ಎರಡು ಎಚ್ಚರಿಕೆ ಬೇಕು. ಬೇರೆ ರಾಜ್ಯದಲ್ಲಿ ಸಿಗುವುದು ಕೇಂದ್ರದ ಆಹಾರ ಭದ್ರತಾ ಕಾಯ್ದೆಯಡಿ ಬರುವ ಕಾರ್ಡಿಗೆ ಮಾತ್ರ. ಆಂಧ್ರ ಸರ್ಕಾರ ತನ್ನ ಖರ್ಚಿನಲ್ಲಿ ಕೊಟ್ಟ ಕಾರ್ಡು ಕರ್ನಾಟಕದಲ್ಲಿ ನಡೆಯುವುದಿಲ್ಲ. ತಮ್ಮದು ಯಾವುದು ಎಂದು ಹೊರಡುವ ಮೊದಲೇ ಡೀಲರ್ ಹತ್ತಿರ ಕೇಳಿಕೊಳ್ಳುವುದು ಒಳ್ಳೆಯದು. ಹಾಗೆಯೇ ಕರ್ನಾಟಕದ ಅನ್ನಭಾಗ್ಯದ ಹೆಚ್ಚುವರಿ ಪಾಲು ಆಂಧ್ರದ ಕಾರ್ಡಿಗೆ ಬರುವುದಿಲ್ಲ.

ಅಕ್ಕಿ ಗಡಿ ದಾಟಿತು, ಶಾಲೆ ದಾಟಲಿಲ್ಲ. ಗಡಿ ಮಂಡಲಗಳ ಕನ್ನಡ ಮಾಧ್ಯಮ ಶಾಲೆಯ ಹುಡುಗ ಗುಂಟೂರಿನ ಹೊಲಕ್ಕೆ ಹೋದರೆ ಅಲ್ಲಿ ಕನ್ನಡ ಶಾಲೆ ಇಲ್ಲ. ತೆಲುಗು ಮಾಧ್ಯಮದ ಹುಡುಗಿ ಬೆಂಗಳೂರಿಗೆ ಹೋದರೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಕನ್ನಡ. ತಂದೆ ತಾಯಿ ಹೋದಾಗ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ಸೀಸನಲ್ ಹಾಸ್ಟೆಲ್‌ಗಳ ಪ್ರಯೋಗ ಈ ಜಿಲ್ಲೆಯಲ್ಲಿ ನಡೆದಿದೆ. ಅದು ಫಲ ಕೊಡಬೇಕಾದರೆ ಹಾಸ್ಟೆಲ್ ದೀಪಾವಳಿಗೆ ಮೊದಲೇ ತೆರೆಯಬೇಕು. ಗಾಡಿ ಹೋದ ಮೇಲೆ ತೆರೆದ ಹಾಸ್ಟೆಲ್‌ಗೆ ಮಕ್ಕಳು ಎಲ್ಲಿಂದ ಬರಬೇಕು?

125 ದಿನ, ಆದರೆ ಯಾವಾಗ?

ಊರಲ್ಲೇ ಕೆಲಸ ಸಿಕ್ಕರೆ ಈ ಮಾತೆಲ್ಲ ಬೇಕಾಗಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ವರ್ಷಕ್ಕೆ 100 ದಿನದ ಕೆಲಸ ಎಂದಿತ್ತು. ಅದರ ಬದಲಿಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ವಿಕಸಿತ ಭಾರತ ಜಿ ರಾಮ್ ಜಿ ಕಾಯ್ದೆ 125 ದಿನ ಎನ್ನುತ್ತದೆ. ದಿನ ಹೆಚ್ಚಾಯಿತು, ಸಂತೋಷ. ಆದರೆ ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಈ ಕೆಲಸ ನಿಲ್ಲಿಸಬೇಕೆಂಬ ಮಾತೂ ಅದರಲ್ಲಿದೆ. ಯಾವ 60 ದಿನ ಎಂಬುದನ್ನು ರಾಜ್ಯ ಸರ್ಕಾರ ಮುಂಚಿತವಾಗಿ ಪ್ರಕಟಿಸಬೇಕು.

ಪಶ್ಚಿಮ ಕರ್ನೂಲಿನವರ ಹಣೆಬರಹ ಈ ಒಂದು ಪ್ರಕಟಣೆಯಲ್ಲಿ ಅಡಗಿದೆ. ಗುಂಟೂರಿನ ಸುಗ್ಗಿ ನೋಡಿ ಇಡೀ ರಾಜ್ಯಕ್ಕೆ ಒಂದೇ ಅವಧಿ ಇಟ್ಟರೆ, ಕೋಸಿಗಿಯಲ್ಲಿ ಕೆಲಸ ನಿಲ್ಲುವುದೂ ಓಣಿಗೆ ಗಾಡಿ ಬರುವುದೂ ಒಂದೇ ತಿಂಗಳಾಗುತ್ತದೆ. ಆಗ ಉದ್ಯೋಗ ಕಾಯ್ದೆಯೇ ಜನರನ್ನು ಗಾಡಿ ಹತ್ತಿಸಿದಂತೆ. ಬದಲಿಗೆ ಇಲ್ಲಿನ ಮಳೆಗಾಲದ ಬಿತ್ತನೆ ನೋಡಿ ಅವಧಿ ಗೊತ್ತು ಮಾಡಿ, ನವೆಂಬರ್‌ನಿಂದ ಮಾರ್ಚ್‌ವರೆಗೆ ಕೆಲಸ ನಡೆಸಿ, ಕೂಲಿ ತಡವಿಲ್ಲದೆ ಹಾಕಿದರೆ ಕೆಲವು ಮನೆಗಳಾದರೂ ಬೀಗ ಹಾಕುವುದಿಲ್ಲ.

ಒಂದು ಹಾಳೆಯ ಕೆಲಸ

ಎಲ್ಲರೂ ಊರಲ್ಲೇ ಉಳಿಯುತ್ತಾರೆ ಎಂದು ಯಾರೂ ನಂಬುವುದಿಲ್ಲ. ಗುಂಟೂರಿನ ಕೂಲಿಯಿಂದ ಸಾಲ ತೀರಿಸಿದವರಿದ್ದಾರೆ, ಮಗಳ ಮದುವೆ ಮಾಡಿದವರಿದ್ದಾರೆ. ಅಲ್ಲಿನ ರೈತನಿಗೂ ಇವರು ಬೇಕು. ಹೋಗುವುದು ತಪ್ಪಲ್ಲ, ಲೆಕ್ಕವಿಲ್ಲದೆ ಹೋಗುವುದು ಅಪಾಯ.

ಅಮೆರಿಕದ ಪೆಟ್ಟಿಗೆಯ ಪಟ್ಟಿಯಿಂದ ಇಲ್ಲಿ ಕಲಿಯಬಹುದಾದದ್ದು ಇಷ್ಟೇ. ಹೊರಡುವ ಮೊದಲು ಒಂದು ಹಾಳೆ, ತೆಲುಗು ಮತ್ತು ಕನ್ನಡ ಎರಡರಲ್ಲೂ. ಯಾರು ಹೋಗುತ್ತಿದ್ದಾರೆ, ಯಾವ ಗಾಡಿ, ಯಾವ ಊರು, ಮೇಸ್ತ್ರಿ ಯಾರು, ಹೊಲದ ರೈತ ಯಾರು, ಮುಂಗಡ ಎಷ್ಟು, ಕಿಲೋಗೆ ಕೂಲಿ ಎಷ್ಟು, ಜೊತೆಗೆ ಒಯ್ದ ಸಾಮಾನು ಏನು. ಒಂದು ಪ್ರತಿ ಗ್ರಾಮ ಸಚಿವಾಲಯದಲ್ಲಿ, ಒಂದು ಕುಟುಂಬದ ಕೈಯಲ್ಲಿ, ಒಂದು ಮೇಸ್ತ್ರಿಯ ಹತ್ತಿರ. ಗಾಡಿ ಉರುಳಿದರೆ, ಕೂಲಿ ಕೊಡದಿದ್ದರೆ, 2020ರ ಲಾಕ್‌ಡೌನ್‌ನಂತೆ ಮತ್ತೆ ದಾರಿ ಮುಚ್ಚಿದರೆ, ಯಾರು ಎಲ್ಲಿದ್ದಾರೆ ಎಂದು ಹುಡುಕಲು ಈ ಹಾಳೆಯೇ ಸಾಕು. 2021ರ ಆಗಸ್ಟ್ 26ರಂದು ಆರಂಭವಾದ ಇ-ಶ್ರಮ್ ಕಾರ್ಡು ಕಾರ್ಮಿಕ ಯಾರು ಎಂದು ಹೇಳುತ್ತದೆ. ಈ ವರ್ಷ ಅವನು ಯಾರ ಗಾಡಿ ಹತ್ತಿ ಯಾರ ಹೊಲಕ್ಕೆ ಹೋದ ಎಂದು ಹೇಳುವುದಿಲ್ಲ.

ಜನ ಹೆಸರು ಬರೆಸಲು ಹೆದರುವುದಕ್ಕೂ ಕಾರಣವಿದೆ. ಊರಲ್ಲಿ ಇಲ್ಲ ಎಂದು ಸರ್ಕಾರಕ್ಕೆ ಗೊತ್ತಾದರೆ ರೇಷನ್ ಕಾರ್ಡು ಹೋದೀತು, ಪಿಂಚಣಿ ನಿಂತೀತು, ಮನೆಯ ಪಟ್ಟಿಯಿಂದ ಹೆಸರು ಬಿಟ್ಟೀತು ಎಂಬ ಭಯ. ಆ ಭಯ ಹೋಗಬೇಕಾದರೆ, ಈ ಹಾಳೆ ಕೊಟ್ಟವರ ಯಾವ ಸೌಲಭ್ಯವನ್ನೂ ತೆಗೆಯುವುದಿಲ್ಲ ಎಂದು ಕಲೆಕ್ಟರ್ ಬರೆದುಕೊಡಬೇಕು. ಜೊತೆಗೆ ಸುಗ್ಗಿಯ ಎರಡು ವಾರ, ಸೀಟು ಕಡಿಮೆ ಮಾಡಿ ಸಾಮಾನಿಗೆ ಜಾಗ ಬಿಟ್ಟ ಬಸ್ಸುಗಳನ್ನು ಕೋಸಿಗಿ, ಆದೋನಿಯಿಂದ ಗುಂಟೂರಿಗೆ ಓಡಿಸಿದರೆ ಗೂಡ್ಸ್ ಗಾಡಿಯ ಮೇಲೆ ಜೀವ ಇಡುವ ಅವಸ್ಥೆ ತಪ್ಪುತ್ತದೆ. ರಾಜ್ಯದೊಳಗೇ ವಲಸೆ ಹೋಗುವವರಿಗೂ ಹೋಗಿಬರುವ ಖರ್ಚಿನ ಹಕ್ಕು ಕೊಡುವುದು ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಆಗದ ಕೆಲಸವಲ್ಲ.

ಯುಗಾದಿ ಹೊತ್ತಿಗೆ ಗಾಡಿಗಳು ವಾಪಸು ಬರುತ್ತವೆ. ಬೀಗ ತೆಗೆದು, ಧೂಳು ಗುಡಿಸಿ, ಅದೇ ಹಂಚನ್ನು ಅದೇ ಒಲೆಯ ಮೇಲಿಡುತ್ತಾರೆ. ವಿದೇಶದಿಂದ ಬಂದ ಪೆಟ್ಟಿಗೆಯಲ್ಲಿ ಒಂದು ಲೋಟ ಕಾಣೆಯಾದರೂ ಪಟ್ಟಿ ಹಿಡಿದು ಕೇಳುವವರಿದ್ದಾರೆ. ಗುಂಟೂರಿನಿಂದ ಬಂದ ಗಾಡಿಯಲ್ಲಿ ಹೋದವರೆಲ್ಲ ಇಳಿದರೇ ಎಂದು ಎಣಿಸುವವರು ಸದ್ಯಕ್ಕೆ ಮನೆಯಲ್ಲಿ ಉಳಿದ ಅಜ್ಜಿ ಒಬ್ಬಳೇ.